ಓದದೆ ಬಿಟ್ಟ ಸಾಲುಗಳು

ರೇಡಿಯೋದಲ್ಲಿ ತನ್ನ ಪತ್ರವನ್ನೇ ಓದುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಟೈಲರಕ್ಕ ಪೆಡಲಿನಿಂದ ಕಾಲು ತೆಗೆದಳು. ಶಾಲೆಯ ಅಂಗಿಯೊಂದರ ಕಾಲರನ್ನು ಕಚ್ಚಿಕೊಂಡೇ ಸೂಜಿ ನಿಂತಿತು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬರುವ ಕೇಳುಗರ ಪತ್ರಗಳ ಕಾರ್ಯಕ್ರಮ ಅದು. ನಿರೂಪಕಿಯ ದನಿ ಎಂದಿನಂತೆ ಬೆಚ್ಚಗಿತ್ತು.

"ನಮ್ಮ ಹಳೆಯ ಕೇಳುಗರಾದ ಟೈಲರಕ್ಕ ಹೀಗೆ ಬರೆದಿದ್ದಾರೆ. 'ಹತ್ತೊಂಬತ್ತು ವರ್ಷಗಳಿಂದ ನಿಮ್ಮ ರೇಡಿಯೋ ನಮ್ಮ ಮನೆಯವರಲ್ಲಿ ಒಬ್ಬರಿದ್ದ ಹಾಗೆ. ನೀವು ಹೇಳಿದ್ದನ್ನು ಎಂದೂ ಅನುಮಾನಿಸಿದವರಲ್ಲ. ನಲ್ಲಿ ನೀರು ಶುದ್ಧವಾಗಿದೆ ಎಂದು ನಿಮ್ಮ ಸುದ್ದಿಯಲ್ಲಿ ಬಂದ ದಿನದಿಂದ ನಮ್ಮ ಬೀದಿಯವರೆಲ್ಲ ನೀರು ಕಾಯಿಸುವುದನ್ನೇ ಬಿಟ್ಟೆವು.' ಇಂಥ ನಂಬಿಕೆಯೇ ನಮ್ಮ ಬಲ. ಧನ್ಯವಾದಗಳು, ಟೈಲರಕ್ಕ."

ಅಷ್ಟೇ. ಮುಂದಿನ ಪತ್ರ ಶುರುವಾಯಿತು. ಯಾರಿಗೋ ಹಳೆಯ ಹಾಡುಗಳಿಗೆ ಅರ್ಧ ಗಂಟೆ ಸಾಲುತ್ತಿರಲಿಲ್ಲವಂತೆ.

ಟೈಲರಕ್ಕ ಬರೆದದ್ದು ಎರಡು ಪುಟ. ಮೂರು ವಾಕ್ಯ ಮುಗಿದ ಮೇಲೆ ನಾಲ್ಕನೆಯದು 'ಆದರೆ' ಎಂದು ಶುರುವಾಗಿತ್ತು. ನಿರೂಪಕಿ ಆ 'ಆದರೆ'ಯ ಹೊಸ್ತಿಲಲ್ಲೇ ನಿಂತು ಕೈ ಮುಗಿದು ಹೊರಟುಹೋಗಿದ್ದಳು. ಒಳಗೆ ಇದ್ದದ್ದು ಬೇರೆಯೇ ಮಾತು. ನಮ್ಮ ಬೀದಿಯಲ್ಲಿ ಒಂಬತ್ತು ಜನಕ್ಕೆ ಕಾಮಾಲೆ ಬಂದಿದೆ, ನನ್ನ ತಂಗಿಯ ಮಗಳು ಏಳು ತಿಂಗಳ ಬಸುರಿ, ಹಳದಿ ಕಣ್ಣು ಬಿಟ್ಟುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಳೆ, ದಯವಿಟ್ಟು ನೀರು ಕಾಯಿಸಿ ಕುಡಿಯಿರಿ ಎಂದು ಇವತ್ತೇ ಸುದ್ದಿಯಲ್ಲಿ ಹೇಳಿ.

ಒಂದೂವರೆ ತಿಂಗಳ ಹಿಂದೆ ರಸ್ತೆ ಅಗೆಯುವಾಗ ಕುಡಿಯುವ ನೀರಿನ ಪೈಪು ಒಡೆದು ಚರಂಡಿ ನೀರು ಸೇರಿಕೊಂಡಿತ್ತು. ಜನ ಕಾಯಿಸಿ ಕುಡಿಯುತ್ತಿದ್ದರು. ವಾರದೊಳಗೆ ಮಧ್ಯಾಹ್ನದ ಸುದ್ದಿಯಲ್ಲಿ ಬಂತು: ದುರಸ್ತಿ ಮುಗಿದಿದೆ, ನೀರು ಹಾಗೆಯೇ ಕುಡಿಯಲು ಯೋಗ್ಯ. ಬೀದಿಯವರು ನಂಬಿದ್ದು ಸುದ್ದಿಯನ್ನಷ್ಟೇ ಅಲ್ಲ, ಟೈಲರಕ್ಕನನ್ನೂ. ಬಟ್ಟೆ ಕೊಡಲು ಬಂದವರಿಗೆಲ್ಲ ಅವಳು ಅಳತೆ ತೆಗೆಯುತ್ತಲೇ ಹೇಳಿದ್ದಳು. ತಂಗಿಯ ಮಗಳಿಗಂತೂ ಬೈದೇ ಹೇಳಿದ್ದಳು, ರೇಡಿಯೋದವರೇ ಹೇಳಿದ ಮೇಲೆ ಇನ್ನೂ ಏಕೆ ಗ್ಯಾಸು ಸುಡುತ್ತೀಯ ಎಂದು. ಈಗ ತಂಗಿ ಮಾತು ಬಿಟ್ಟಿದ್ದಳು. ಆಸ್ಪತ್ರೆಗೆ ಹೋದರೆ ಕುರ್ಚಿ ತೋರಿಸಿ ಮುಖ ತಿರುಗಿಸುತ್ತಿದ್ದಳು.

ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ಬಿರುಗಾಳಿಗೆ ಕಂಬಗಳೆಲ್ಲ ಉರುಳಿ ಟೀವಿ, ಫೋನು ಸತ್ತುಹೋಗಿದ್ದ ನಾಲ್ಕು ದಿನ ಯಾವ ಸೇತುವೆ ಉಳಿದಿದೆ, ಯಾರು ಎಲ್ಲಿ ಸುರಕ್ಷಿತವಾಗಿದ್ದಾರೆ ಎಂದು ಹೆಸರು ಹೆಸರಾಗಿ ಹೇಳಿದ್ದು ಈ ರೇಡಿಯೋ ಒಂದೇ. ಗಂಡನ ಬಾಯಿ ಸೊಟ್ಟಗಾದ ಬೆಳಿಗ್ಗೆ ಅದು ಪಾರ್ಶ್ವವಾಯು ಎಂದು ಟೈಲರಕ್ಕನಿಗೆ ಹೊಳೆದದ್ದು ಅದರ ಹಿಂದಿನ ವಾರ ಕೇಳಿದ ವೈದ್ಯರ ಮಾತಿನಿಂದ. ಆತ ಇವತ್ತು ಅಂಗಡಿಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಾನೆಂದರೆ ಅರ್ಧ ಪುಣ್ಯ ರೇಡಿಯೋದ್ದು. ಸುದ್ದಿ ಮಾತ್ರ ಯಾವಾಗಲೂ ಇಸ್ತ್ರಿ ಹಾಕಿದ ಬಟ್ಟೆಯಂತೆ ಬರುತ್ತಿತ್ತು, ಒಂದು ಸುಕ್ಕೂ ಇಲ್ಲದೆ. ಉದ್ಘಾಟನೆ, ಶಂಕುಸ್ಥಾಪನೆ, ಪರಿಶೀಲನೆ, ಭರವಸೆ. ಇಷ್ಟು ವರ್ಷ ಅದು ಅವಳಿಗೆ ತಪ್ಪೆಂದು ಕಂಡಿರಲಿಲ್ಲ. ಹಾಗೆ ಕಾಣಲಿಲ್ಲವಲ್ಲ ಎಂದೇ ಈಗ ಅವಳಿಗೆ ತನ್ನ ಮೇಲೆ ಸಿಟ್ಟು.

ರೇಡಿಯೋ ನಿಲಯಕ್ಕೆ ಫೋನು ಮಾಡಿದರೆ ಕಾವಲುಗಾರ ಎತ್ತಿಕೊಂಡ. ಕಾರ್ಯಕ್ರಮ ಗುರುವಾರವೇ ಧ್ವನಿಮುದ್ರಣ ಆಗಿದೆ, ಭಾನುವಾರ ಯಾರೂ ಇರುವುದಿಲ್ಲ ಎಂದ. ಸೋಮವಾರ ಬೆಳಿಗ್ಗೆ ಅವಳು ಕತ್ತರಿ ಕೆಳಗಿಟ್ಟು ನಿಲಯಕ್ಕೆ ನಡೆದಳು.

ನಿರೂಪಕಿ ಅವಳನ್ನು ಕಂಡು ನಿಜವಾಗಿಯೂ ಹಿಗ್ಗಿದಳು. ದನಿ ಕೇಳಿ ಅಂದುಕೊಂಡಷ್ಟು ಚಿಕ್ಕವಳಲ್ಲ. ಕೆಮ್ಮಿನ ಮಾತ್ರೆ ಚೀಪುತ್ತಾ, ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು ಕೂತಿದ್ದಳು. ಚಹಾ ತರಿಸಿದಳು. ಟೈಲರಕ್ಕ ಚಹಾ ಮುಟ್ಟದೆ ಉಳಿದ ಸಾಲುಗಳು ಎಲ್ಲಿ ಹೋದವು ಎಂದು ಕೇಳಿದಳು.

ನಿರೂಪಕಿ ಮರೆಮಾಚದೆ ಹೇಳಿದಳು. ಕಾಲು ಗಂಟೆಯಲ್ಲಿ ಹದಿನಾಲ್ಕು ಪತ್ರ ಓದಬೇಕು. ಗುಮಾಸ್ತರು ಪ್ರತಿ ಪತ್ರದಿಂದ ಮೂರು ಸಾಲು ಆರಿಸಿ ಒಂದು ಹಾಳೆಯಲ್ಲಿ ಬರೆದುಕೊಡುತ್ತಾರೆ, ಮೂಲ ಪತ್ರ ತನ್ನ ಕೈಗೆ ಬರುವುದೇ ಇಲ್ಲ. ಮೆಚ್ಚುಗೆ ಪ್ರಸಾರಕ್ಕೆ, ದೂರು ಸಂಬಂಧಪಟ್ಟ ಇಲಾಖೆಗೆ. ಅದು ನಿಲಯದ ಪದ್ಧತಿ. ಹಾಗಾದರೆ ತನ್ನ ಪತ್ರ ಎಲ್ಲಿದೆ ಎಂದಾಗ ಅವಳು ರಿಜಿಸ್ಟರು ತೆಗೆದು ನೋಡಿ ಹೇಳಿದಳು:

"ನೀರಿನ ಮಂಡಳಿಗೆ ಕಳಿಸಿದ್ದಾರೆ."

ಟೈಲರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮೊದಲು ನಾಲ್ಕು ಒಳ್ಳೆಯ ಮಾತು ಬರೆದು ಆಮೇಲೆ ವಿಷಯಕ್ಕೆ ಬರುವುದು ಅವಳ ಅಮ್ಮ ಕಲಿಸಿದ ಮರ್ಯಾದೆ. ಆ ಮರ್ಯಾದೆಯನ್ನೇ ಕತ್ತರಿಸಿಕೊಂಡು ಇವರು ಅಂಗಿ ಹೊಲಿಸಿಕೊಂಡಿದ್ದರು.

ಸುದ್ದಿ ಸಂಪಾದಕ ಪಕ್ಕದ ಕೋಣೆಯಲ್ಲಿದ್ದ. ಮೆಲುಮಾತಿನ ಮನುಷ್ಯ. ಕಡತ ತೆಗೆದು ಮಂಡಳಿಯ ಪ್ರಕಟಣೆ ತೋರಿಸಿದ. ಮೊಹರಿತ್ತು, ಸಹಿಯಿತ್ತು. ಟೈಲರಕ್ಕ ಎರಡು ಸಲ ಓದಿದಳು. ನೀರನ್ನು ಯಾವತ್ತು ಪರೀಕ್ಷೆ ಮಾಡಿದರು, ಯಾವ ಬೀದಿಯ ನಲ್ಲಿಯಲ್ಲಿ ಹಿಡಿದು ಮಾಡಿದರು ಎಂಬುದು ಮಾತ್ರ ಇರಲಿಲ್ಲ. ಅಳತೆಯೇ ಬರೆದುಕೊಳ್ಳದೆ ತಾನೊಂದು ರವಿಕೆ ಹೊಲಿದುಕೊಟ್ಟರೆ ಜನ ಸುಮ್ಮನಿರುತ್ತಾರೆಯೇ ಎಂದು ಕೇಳಿದಳು. ಅಲ್ಲಿಗೆ ಯಾರನ್ನಾದರೂ ಕಳಿಸಿ ನೋಡಿಸಿದಿರಾ ಎಂದೂ ಕೇಳಿದಳು. ಆತ ತಮ್ಮಲ್ಲಿ ಇರುವುದು ಇಬ್ಬರೇ ಎಂದ, ನೀರು ಪರೀಕ್ಷಿಸುವುದು ರೇಡಿಯೋದ ಕೆಲಸವಲ್ಲ ಎಂದ, ಮಂಡಳಿಯವರು ಕಾಯಿಸಿ ಕುಡಿಯಿರಿ ಎಂದು ಬರೆದುಕೊಟ್ಟರೆ ಮಧ್ಯಾಹ್ನದ ಸುದ್ದಿಯಲ್ಲೇ ಮೊದಲ ಸಾಲಾಗಿ ಓದಿಸುತ್ತೇನೆ ಎಂದ.

ಅವನ ಮೇಜಿನ ಹಿಂದೆ ಸ್ಟೂಲಿನ ಮೇಲೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಬೋರಲಾಗಿ ಕೂತಿತ್ತು. ಕೆಳಗೆ ಇನ್ನೆರಡು ತುಂಬಿದ ಕ್ಯಾನುಗಳು, ಸೀಲು ಒಡೆಯದವು.

"ಇದು ನಲ್ಲಿ ನೀರಾ, ಸಾರ್?"

ಸಂಪಾದಕ ತಿರುಗಿ ನೋಡಲಿಲ್ಲ. ನಿರೂಪಕಿ ಬಾಗಿಲಲ್ಲೇ ನಿಂತು ಮಫ್ಲರಿನ ಅಂಚು ಹಿಡಿದುಕೊಂಡಳು.

"ನೀವು ಸುಳ್ಳು ಹೇಳಿದ್ರಿ ಅಂತ ನಾನು ಹೇಳ್ತಿಲ್ಲ," ಎಂದಳು ಟೈಲರಕ್ಕ. ಅವಳ ದನಿ ಏರಲಿಲ್ಲ. "ಯಾರೋ ಬರೆದುಕೊಟ್ಟಿದ್ದನ್ನ ಓದಿದ್ರಿ. ನಾನೂ ಬರೆದುಕೊಟ್ಟಿದ್ದೆ. ಅವರದ್ದು ಪೂರ್ತಿ ಓದಿದ್ರಿ, ನನ್ನದು ಮೂರು ಸಾಲು. ಉಳಿದದ್ದನ್ನ ಯಾವತ್ತು ಓದ್ತೀರಿ, ಅದಷ್ಟೇ ಹೇಳಿ."

ಮೇಲಿನವರನ್ನು ಕೇಳಬೇಕು, ಮುಂದಿನ ಭಾನುವಾರದ್ದು ಗುರುವಾರ ಧ್ವನಿಮುದ್ರಣ, ಅಷ್ಟರೊಳಗೆ ಪ್ರಯತ್ನ ಮಾಡುತ್ತೇನೆ ಎಂದು ನಿರೂಪಕಿ ಹೇಳಿದಳು. ಆ ಬೆಚ್ಚನೆಯ ದನಿಯನ್ನು ಟೈಲರಕ್ಕ ಮೊದಲ ಸಲ ಪೂರ್ತಿ ಕೇಳಿಸಿಕೊಳ್ಳದೆ ಎದ್ದಳು.

ಭಾನುವಾರದವರೆಗೆ ಎಷ್ಟು ಲೋಟ ನೀರು ಎಷ್ಟು ಗಂಟಲಿಗೆ ಇಳಿಯುತ್ತದೆ? ಅವಳು ಅಂಗಡಿಗೆ ಹೋಗಲಿಲ್ಲ. ತನ್ನ ಬೀದಿಯವರಿಗೆ ಹೇಳಬೇಕಾದ್ದಿರಲಿಲ್ಲ, ಅವರು ಪಾಠ ಕಲಿತಾಗಿತ್ತು. ಅದೇ ಪೈಪಿನ ನೀರು ಹೋಗುವ ಮಾರುಕಟ್ಟೆಯ ಹಿಂದಿನ ಬೀದಿಗೆ ನುಗ್ಗಿ ಒಂದೊಂದೇ ಬಾಗಿಲು ತಟ್ಟಿದಳು. ಕೆಲವರು ಆಗಲಿ ಎಂದರು. ಕೆಲವರು ನೀರಿನ ಫಿಲ್ಟರು ಮಾರಲು ಬಂದವಳೆಂದು ಬಾಗಿಲು ಹಾಕಿಕೊಂಡರು. ಒಬ್ಬಾತ ಮಾತ್ರ, ಸರಕಾರದವರು ಹೇಳುವುದು ಸುಳ್ಳು, ನೀನು ಹೇಳುವುದು ನಿಜವೇನಮ್ಮ ಎಂದು ನಕ್ಕ.

ಕೊನೆಯ ವಠಾರದಲ್ಲಿ ಎಳೆಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದ ಹೆಂಗಸೊಬ್ಬಳು ಬಾಗಿಲು ತೆಗೆದಳು. ಒಳಗೆ ರೇಡಿಯೋದಲ್ಲಿ ಹಾಡು ಬರುತ್ತಿತ್ತು. ಟೈಲರಕ್ಕ ನಿಂತಲ್ಲೇ ತನ್ನ ಹೆಸರಿನಿಂದ ಹಿಡಿದು ಎಲ್ಲ ಹೇಳಿದಳು. ಹೆಂಗಸು ಗಲಿಬಿಲಿಗೊಂಡು ಅವಳ ಮುಖವನ್ನೇ ನೋಡಿದಳು.

"ನೀವೇ ಅಲ್ವೇನಕ್ಕ, ಟೈಲರಕ್ಕ ಅಂದ್ರೆ? ನಿನ್ನೆ ನಿಮ್ಮ ಪತ್ರ ಓದಿದ್ರಲ್ಲ. ಸುದ್ದೀಲಿ ಬಂದಾಗ ನಾನು ನಂಬಿರಲಿಲ್ಲ. ಇದುವರೆಗೂ ಕಾಯಿಸ್ತಾನೇ ಇದ್ದೆ. ನೀವು ನಮ್ಮ ಥರದವರೇ ಹೇಳಿದ್ರಿ ಅಂತ ನಿನ್ನೆಯಿಂದ ಬಿಟ್ಟೆ."

ಮಗು ಹೆಗಲ ಮೇಲೆ ತಲೆ ಹೊರಳಿಸಿ ಟೈಲರಕ್ಕನನ್ನು ನೋಡಿತು. ಅದರ ಕಣ್ಣು ಬೆಳ್ಳಗಿತ್ತು.

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಕೇಳದೆಯೇ ಅಡುಗೆಮನೆಗೆ ಹೋಗಿ ಕೊಡದಲ್ಲಿದ್ದ ನೀರನ್ನೆಲ್ಲ ದೊಡ್ಡ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟು ಹೊತ್ತಿಸಿದಳು. ಹಾಡು ಮುಗಿಯಿತು. ಸುದ್ದಿ ಶುರುವಾಗಿ, ಎಲ್ಲೋ ಒಂದು ಕಟ್ಟಡದ ಉದ್ಘಾಟನೆಯಾಯಿತು. ಟೈಲರಕ್ಕ ಪಾತ್ರೆಯ ಮುಂದೆ ನಿಂತೇ ಇದ್ದಳು. ತಳದಲ್ಲಿ ಸಣ್ಣ ಗುಳ್ಳೆಗಳು ಒಂದೊಂದಾಗಿ ಏಳತೊಡಗಿದವು.