ಎಡಗಿವಿ ಅವಳದು

ರಾಣಿಯ ವಾಯ್ಸ್ ಮೆಸೇಜಿನ ಹಿಂಬದಿಯಲ್ಲಿ ತಬಸ್ಸುಮ್ ನಗುತ್ತಿದ್ದಳು. ಮೊದಲು ಮೂಗಿನಲ್ಲಿ ಒಂದು ಸಣ್ಣ ಸದ್ದು, ಆಮೇಲೆ ತಡೆಯಲಾಗದೆ ಒಡೆದು ಬರುವ ನಗು. ಬೈಲಹೊಂಗಲದ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಡಿಗ್ರಿ ಮುಗಿಸುವವರೆಗೂ ನಾನು ಕಾಯುತ್ತಿದ್ದ ನಗು ಅದು. ನಾನು ಆಡಿದ ಮಾತಿಗೆ ಅದು ಬಂತೆಂದರೆ ಅವತ್ತಿನ ಡೈರಿಗೆ ಬೇರೇನೂ ಬೇಕಾಗುತ್ತಿರಲಿಲ್ಲ. ಈಗ ಅದು ರಾಮದುರ್ಗದ ಹುಡುಗಿಯೊಬ್ಬಳ ಮಾತಿನ ಹಿಂದೆ, ಇಡೀ ಗ್ರೂಪಿನ ನಡುವೆ, ಯಾರು ಬೇಕಾದರೂ ಒತ್ತಿ ಕೇಳುವ ಹಾಗೆ ಬಿದ್ದಿತ್ತು. ನಾನು ಒತ್ತಿ ಕೇಳಿದೆ. ಮತ್ತೆ ಕೇಳಿದೆ.

ಗ್ರೂಪಿನ ಹೆಸರು ‘ಬುಗುರಿ ಬಳಗ’. ‘ಬುಗುರಿ ಮಂದಿ’ ಎಂಬ ಬ್ಯಾಂಡಿನ ಅಭಿಮಾನಿಗಳು ನಾವು. ಬ್ಯಾಂಡಿನಲ್ಲಿರುವವರು ಮನುಷ್ಯರಲ್ಲ, ಕಾರ್ಟೂನುಗಳು. ಬಿಡಿಸುವವರು ಯಾರು, ದನಿ ಕೊಡುವವರು ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವುದು ನಮಗೆ ಬೇಕಾಗಿಯೂ ಇಲ್ಲ. ದೀಪದ ಕುಡಿಯಂಥ ಕೂದಲಿನ ಚಿಮಣಿ ಹಾಡುತ್ತಾಳೆ. ಗುಂಡ್ಯಾ ಡ್ರಮ್ಮು ಬಾರಿಸುತ್ತಾನೆ. ಮುಖವೇ ಇಲ್ಲದ ನೆಳ್ಳು ಹಾರ್ಮೋನಿಯಂ ನುಡಿಸುತ್ತಾಳೆ. ಮುಚ್ಚಿಹೋದ ಟಾಕೀಸೊಂದರಲ್ಲಿ ಅವರ ವಾಸ, ಹಾಡಿನಿಂದ ಹಾಡಿಗೆ ಅವರ ಕಥೆ ಬೆಳೆಯುತ್ತದೆ. ಎರಡನೆಯ ಆಲ್ಬಮ್ಮಿನ ಕೊನೆಗೆ ಸಿನಿಮಾ ಪರದೆಗೆ ಬೆಂಕಿ ಹತ್ತಿ ನೆಳ್ಳು ಕಾಣದಾಗಿದ್ದಳು. ಅಂದಿನಿಂದ ಬಳಗ ಅದೊಂದನ್ನೇ ಅಗಿಯುತ್ತಿತ್ತು. ಮನೋಳಿಯ ನಾಸಿರನ ಪ್ರಕಾರ ಅವಳು ಪ್ರೊಜೆಕ್ಟರಿನೊಳಗೆ ಸಿಕ್ಕಿಕೊಂಡಿದ್ದಾಳೆ. ಕಿತ್ತೂರಿನ ಹೈವೇ ಪಕ್ಕದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೌರೀಶ ನಮ್ಮ ಅಡ್ಮಿನ್; ಅವನು ಪೋಸ್ಟರುಗಳನ್ನು ದೊಡ್ಡದು ಮಾಡಿ ಮಾಡಿ, ಖಾಲಿ ಕುರ್ಚಿಗಳಲ್ಲಿ ಯಾವುದು ಮಡಚಿದೆ, ಯಾವುದು ಬಿಚ್ಚಿದೆ ಎಂದು ಗುಲ್ಲೆಬ್ಬಿಸುತ್ತಿದ್ದ.

ನನ್ನ ವಾದ ಬೇರೆ. ನೆಳ್ಳು ಬೇರೆ ವ್ಯಕ್ತಿಯೇ ಅಲ್ಲ, ಚಿಮಣಿಯದೇ ನೆರಳು. ಆದ್ದರಿಂದ ಅವಳು ಬಿಟ್ಟು ಹೋಗಲಾರಳು. ನಾನು ಇದನ್ನು ಉದ್ದುದ್ದ ಬರೆದು ಹಾಕುತ್ತಿದ್ದೆ. ನಾಲ್ಕು ಮಂದಿ ಎದುರು ಕೂತರೆ ನನ್ನ ಬಾಯಿಂದ ನಾಲ್ಕು ಮಾತು ಹೊರಡುವುದಿಲ್ಲ, ಬರೆಯಲು ಕೂತರೆ ಮಾತ್ರ ಕೈ ನಿಲ್ಲುವುದಿಲ್ಲ. ಉಳಿದವರು ಓದಲಿ ಬಿಡಲಿ, ತಬಸ್ಸುಮ್ ಕೊನೆಯವರೆಗೂ ಓದಿ ‘ನಾಗಿ ಹೇಳಿದ್ದ ಖರೆ’ ಎಂದು ಕೆಳಗೊಂದು ಸಾಲು ಹಾಕುತ್ತಿದ್ದಳು. ನಾನು ಬರೆಯುತ್ತಿದ್ದುದೇ ಆ ಸಾಲಿಗಾಗಿ.

ನಮ್ಮಿಬ್ಬರದೊಂದು ಪದ್ಧತಿ ಇತ್ತು. ಹೊಸ ಹಾಡು ಬಂದರೆ ಯಾರೂ ಒಬ್ಬರೇ ಕೇಳಬಾರದು. ಕಾಲೇಜು ಬಿಟ್ಟು ಬಸ್ಸಿನಲ್ಲಿ ಕೂತ ಮೇಲೆ ನನ್ನ ವೈರಿನ ಇಯರ್‌ಫೋನು ಹೊರಗೆ ಬರುತ್ತಿತ್ತು. ಕಿಟಕಿ ನನ್ನದು, ಕಿವಿಯೊಳಗಿಡುವ ಬಲಗಡೆಯ ಬುಡ್ಡಿ ನನ್ನದು. ಎಡಗಡೆಯದು ಅವಳದು. ಅಕ್ಷರ ಅಳಿಸಿಹೋಗಿ ಎಡ ಯಾವುದು, ಬಲ ಯಾವುದು ತಿಳಿಯದಂತಾದಾಗ ಅವಳು ತನ್ನ ದುಪಟ್ಟಾದ ಅಂಚಿನ ಹಸಿರು ದಾರವೊಂದನ್ನು ಕಿತ್ತು ಎಡಗಡೆಯದಕ್ಕೆ ಸುತ್ತಿದ್ದಳು. ವೈರು ಗಿಡ್ಡದಾದ್ದರಿಂದ ತಲೆ ಹತ್ತಿರ ಇಟ್ಟುಕೊಂಡು ಕೂರಬೇಕು, ಒಬ್ಬರು ಅಲುಗಿದರೆ ಇನ್ನೊಬ್ಬರ ಕಿವಿಯದು ಉದುರುತ್ತಿತ್ತು.

ಡಿಗ್ರಿ ಮುಗಿದ ಮೇಲೆ ಅವಳು ತನ್ನೂರು ಸವದತ್ತಿಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಅದೇ ಕ್ಲಾಸಿಗೆ ರಾಮದುರ್ಗದಿಂದ ರಾಣಿ ಬರುತ್ತಿದ್ದಳು. ತಬಸ್ಸುಮ್‌ಳೇ ಅವಳನ್ನು ಬಳಗಕ್ಕೆ ಸೇರಿಸಿದ್ದು. ರಾಣಿ ಬರೆಯುವವಳಲ್ಲ, ಮಾತಾಡುವವಳು. ಬಸ್ಸಿನ ಹಾರ್ನು, ಚಹಾದ ಸುರುಕು, ನಡುವೆ ಯಾರನ್ನೋ ಬೈಯುವುದು, ಎಲ್ಲವನ್ನೂ ಸೇರಿಸಿ ಕಳಿಸುತ್ತಿದ್ದಳು. ಎಲ್ಲರಿಗೂ ಅವಳು ಬೇಕಾದಳು. ತಬಸ್ಸುಮ್‌ಳನ್ನು ‘ತಬ್ಬೂ’ ಎಂದು ಕರೆಯುತ್ತಿದ್ದಳು. ನಾನು ಅಷ್ಟು ವರ್ಷದಲ್ಲಿ ಅವಳ ಹೆಸರನ್ನು ಒಮ್ಮೆಯೂ ಮುರಿದು ಕರೆದಿರಲಿಲ್ಲ.

ಮೂರನೆಯ ಆಲ್ಬಮ್ ‘ಇಂಟರ್ವೆಲ್’ ಶುಕ್ರವಾರ ಬಿಡುಗಡೆಯಾಯಿತು. ಭಾನುವಾರ ಕಿತ್ತೂರಿನಲ್ಲಿ ಬಳಗದವರೆಲ್ಲ ಸೇರುವುದೆಂದು ಗೌರೀಶ ಮೊದಲೇ ಸಾರಿದ್ದ. ತಬಸ್ಸುಮ್ ಸವದತ್ತಿಯಿಂದ ಬರುವ ಬಸ್ಸನ್ನು ನಾನು ದಾರಿಯಲ್ಲಿರುವ ನಮ್ಮೂರಿನಲ್ಲಿ ಹತ್ತುವುದು, ಕಿತ್ತೂರು ಬರುವುದರೊಳಗೆ ಇಬ್ಬರೂ ಕೂಡಿ ಆಲ್ಬಮ್ ಕೇಳುವುದು, ಅಲ್ಲಿಯವರೆಗೆ ಮುಟ್ಟದಿರುವುದು ಎಂದು ನಮ್ಮ ನಡುವೆ ಮಾತಾಗಿತ್ತು.

ಶುಕ್ರವಾರ ಮಧ್ಯಾಹ್ನವೇ ರಾಣಿಯ ಮೆಸೇಜು ಬಂತು.

“ಕಡೀ ಹಾಡು ಕೇಳಿದ್ರಿಲ್ಲೊ? ‘ಬಾಗಲಾ’ ಅಂತ ಐತಲ್ಲ, ಅದರಾಗ ಚಿಮಣಿ ತಾನ ಬಾಗಲಾ ತಗದು ನೆಳ್ಳಿಗೆ ಹೋಗು ಅಂತಾಳ. ಯಾರೂ ಸುಟ್ಟಿಲ್ಲ, ಯಾರೂ ಕಳದಿಲ್ಲ. ಅಕೀನ ಕಳಸಿದ್ದು. ಬೇಕಾರ ನಮ್ಮ ತಬ್ಬೂನ ಕೇಳ್ರಿ, ಅಕೀನೂ ಕೇಳ್ಯಾಳ.”

ಆಗ ಹಿಂದಿನಿಂದ ಆ ನಗು.

ನಾನು ಇಯರ್‌ಫೋನು ತೆಗೆದುಕೊಂಡು ಹಿತ್ತಲ ಕಟ್ಟೆಗೆ ಹೋದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು. ನಾನು ಹಾಡು ಕೇಳಲು ಕೂತರೆ ಅವಳದು ಒಂದೇ ಮಾತು, ಒಂದು ಕಿವಿ ಮನೆಯ ಕಡೆ ಇರಲಿ ಎಂದು. ಬಲಗಡೆಯದನ್ನು ಹಾಕಿಕೊಂಡೆ. ಹಸಿರು ದಾರದ್ದು ಎಂದಿನಂತೆ ಎದೆಯ ಮೇಲೆ ಜೋತುಬಿತ್ತು. ಮೊದಲಿನ ಹಾಡುಗಳನ್ನು ದಾಟಿಸಿ ನೇರ ‘ಬಾಗಲಾ’ಕ್ಕೇ ಹೋದೆ.

ಹಾಡಿನ ತುಂಬ ನೆಳ್ಳು ಇದ್ದಳು. ಈವರೆಗೆ ಬಾಯೇ ತೆರೆಯದಿದ್ದವಳು ಮೊದಲ ಸಲ ಹಾಡುತ್ತಿದ್ದಳು. ಇಲ್ಲೇ ಅದೀನಿ, ನನ್ನ ಕುರ್ಚಿ ಮಡಚಬ್ಯಾಡ ಎಂದು ಮತ್ತೆ ಮತ್ತೆ ಅದೇ ಸಾಲು. ಚಿಮಣಿ ಎಲ್ಲೂ ಇಲ್ಲ, ‘ಹೋಗು’ ಎಂಬ ಮಾತೂ ಇಲ್ಲ. ನನಗೆ ಅಳು ಬಂತು. ಅದರ ಬೆನ್ನಿಗೇ ಒಂದು ಬಗೆಯ ಹಿಗ್ಗೂ ಬಂತು. ರಾಣಿ ಸುಳ್ಳು ಹೇಳಿದ್ದಳು, ಸುಳ್ಳು ಎಂದು ತೋರಿಸಲು ನನ್ನ ಹತ್ತಿರ ಹಾಡಿತ್ತು.

ಬರೆದೆ. ಒಂದೊಂದು ಸಾಲನ್ನೂ ಬಿಡಿಸಿಟ್ಟು, ಇಡೀ ಹಾಡಿನಲ್ಲಿ ಚಿಮಣಿಯ ದನಿ ಎಲ್ಲಿದೆ ತೋರಿಸಿರಿ ಎಂದು ಕೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೊನೆಗೆ, ಕೆಲವರಿಗೆ ಹಾಡು ಕೇಳುವುದಕ್ಕಿಂತ ತಮ್ಮ ದನಿ ಕೇಳಿಸುವುದೇ ಹೆಚ್ಚು ಎಂದೂ ಸೇರಿಸಿದೆ. ಬಳಗದಲ್ಲಿ ಹೆಬ್ಬೆರಳುಗಳು ಸಾಲಾಗಿ ಬಿದ್ದವು. ನಾಸಿರನಂತೂ ಚಪ್ಪಾಳೆಯನ್ನೇ ಕಳಿಸಿದ.

ಫೋನಿನ ಸ್ಪೀಕರಿನಲ್ಲಿ ಕೇಳಿದವರಿಗೆ ಮಾತುಗಳು ಒಂದರ ಮೇಲೊಂದು ಬಿದ್ದು ಕಲಸಿದ ಹಾಗೆ ಕೇಳಿಸಿತ್ತಂತೆ, ಹೀಗಾಗಿ ಅವರು ತಮಗೆ ಬೇಕಾದ ಕಡೆ ಸೇರಿಕೊಂಡರು. ರಾಣಿ ತಣ್ಣಗೆ, ಇಬ್ಬರೂ ಹಾಡಿದ್ದಾರೆ, ಕಿವಿ ತೊಳೆದುಕೊಂಡು ಕೇಳಿರಿ ಎಂದಳು. ಸಿಕ್ಕಿಬಿದ್ದ ಮೇಲೆ ಮಾತು ಹೊರಳಿಸುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ತಬಸ್ಸುಮ್ ಬರೆದಳು: ‘ನೆಳ್ಳಿನ ದನಿ ಎಲ್ಲೂ ಇಲ್ಲ. ಹಾಡಿದಾಕಿ ಚಿಮಣಿ ಒಬ್ಬಾಕೇ. ನಾಗಿ ಹೇಳಿದ್ದು ತಪ್ಪು.’

ಆ ಕೊನೆಯ ಸಾಲನ್ನು ನಾನು ಎಷ್ಟು ಹೊತ್ತು ನೋಡುತ್ತ ಕೂತೆನೋ. ಅದಕ್ಕೆ ಉತ್ತರ ಬರೆದೆ, ಅವಳೂ ಬರೆದಳು. ಶನಿವಾರ ಬಳಗದವರೆಲ್ಲ ಸುಮ್ಮನಾಗಿ ನಮ್ಮಿಬ್ಬರನ್ನೇ ನೋಡುವಂತಾಯಿತು. ಸ್ನೇಹಿತೆಯ ಮುಲಾಜಿಗೆ ಕೇಳದ್ದನ್ನೂ ಕೇಳಿದೆ ಎನ್ನಬಾರದು ಎಂದು ನಾನು ಹಾಕಿದ ಮೇಲೆ ಫೋನು ಬಂತು.

“ನನ್ನ ಸುಳ್ಳಿ ಅಂತೀ ಏನ ನೀ?” ಎಂದಳು ತಬಸ್ಸುಮ್. “ನಾ ನನ್ನ ಕಿವೀಲೆ ಕೇಳೇನಿ.”

“ನಾನೂ ನನ್ನ ಕಿವೀಲೇ ಕೇಳೇನಿ.”

ಅವಳು ಇನ್ನೇನೋ ಹೇಳಹೊರಟು ನಿಂತಳು.

“ನಾಗಿ,” ಎಂದಳು. “ಯಾವ ಕಿವೀಲೆ?”

ನಾನು ಬಲಗಿವಿಗೆ ಕೈಯಿಟ್ಟೆ. ಆ ಮಾತಿನ ಅರ್ಥ ಆ ಕೈಗೆ ಮೊದಲು ತಿಳಿಯಿತು. ಒಂದು ದನಿಯನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಟ್ಟು ಹಾಡು ಕಟ್ಟಿದ್ದರು. ಅವಳು ತನ್ನ ಇಯರ್‌ಫೋನಿನ ಎಡಗಡೆಯದನ್ನಷ್ಟೇ ಹಾಕಿಕೊಂಡು ಕೇಳಿದ್ದಳು.

“ನೀ ಒಬ್ಬಾಕೇ ಕೇಳಿದಿ,” ಎಂದಳು.

“ನೀನೂ.”

ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ನಾಳೆ ಬಸ್ಸಿನಲ್ಲಿ ಸಿಗುತ್ತೇನೆ, ರಾಣಿಯೂ ಬರುತ್ತಾಳೆ ಎಂದಷ್ಟೇ ಹೇಳಿ ಇಟ್ಟಳು. ರಾಣಿ ತಮ್ಮನ ದೊಡ್ಡ ಹೆಡ್‌ಫೋನು ಹಾಕಿಕೊಂಡು ಎರಡೂ ಕಿವಿಯಿಂದ ಕೇಳಿದ್ದಳೆಂದು ಆಮೇಲೆ ಗೊತ್ತಾಯಿತು. ಇಡೀ ಬಳಗದಲ್ಲಿ ಸರಿಯಾಗಿ ಹೇಳಿದವಳು ಅವಳೊಬ್ಬಳೇ. ಅದಕ್ಕೆ ನನಗೆ ಮತ್ತಷ್ಟು ಉರಿಯಿತು.

ಭಾನುವಾರ ಬಸ್ಸು ಹತ್ತಿದಾಗ ಅವರಿಬ್ಬರೂ ಮೂವರ ಸೀಟಿನಲ್ಲಿ ಕೂತಿದ್ದರು. ಕಿಟಕಿಗೆ ರಾಣಿ, ನಡುವೆ ತಬಸ್ಸುಮ್. ಈಚೆಯ ತುದಿಯಲ್ಲಿ ನನಗೆಂದು ಟಿಫಿನ್ ಚೀಲ ಇಟ್ಟು ಜಾಗ ಹಿಡಿದಿದ್ದರು. ರಾಣಿಯನ್ನು ನಾನು ಎದುರಿಗೆ ಕಂಡದ್ದು ಅದೇ ಮೊದಲು. ದನಿಯಿಂದ ನಾನು ಊಹಿಸಿದ್ದಕ್ಕಿಂತ ಸಣ್ಣಗಿದ್ದಳು.

“ಬರ್ರಿ ದೊಡ್ಡ ಬರಹಗಾರ್ತಿ,” ಎಂದಳು. “ಕುಂದರ್ರಿ. ನನ್ನ ದನಿ ಕೇಳಸೂದಿಲ್ಲ ಬಿಡ್ರಿ ಇವತ್ತ.”

ನಾನು ಬರೆದದ್ದನ್ನೇ ನನಗೆ ತಿರುಗಿಸಿ ಕೊಟ್ಟಿದ್ದಳು. ತಬಸ್ಸುಮ್ ಅವಳ ತೊಡೆಗೊಂದು ಪೆಟ್ಟು ಕೊಟ್ಟಳು. ಅಂಥ ಪೆಟ್ಟು ಮೊದಲು ನನಗೆ ಬೀಳುತ್ತಿತ್ತು. ಕಂಡಕ್ಟರು ಬಂದು ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆಯ ಟಿಕೇಟು ಹರಿದುಕೊಟ್ಟು ಹೋದ.

ನಾನು ಇಯರ್‌ಫೋನು ತೆಗೆದೆ. ಅಭ್ಯಾಸದಂತೆ ಹಸಿರು ದಾರದ್ದನ್ನು ತಬಸ್ಸುಮ್ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

“ಹಂಚಿಕೊಂಡರ ಮತ್ತ ಅರ್ಧಾನ ಆಕ್ಕೈತಿ,” ಎಂದಳು. “ಎರಡೂ ನೀನ ಹಾಕ್ಕೊ. ನೀ ಕೇಳಿದ ಮ್ಯಾಲೆ ನಾ.”

ಅವಳೇ ನನ್ನ ಎಡಗಿವಿಗೆ ಅದನ್ನಿಟ್ಟಳು. ಬಸ್ಸಿನ ಸದ್ದು, ಮಂದಿಯ ಮಾತು ಎಲ್ಲ ಒಮ್ಮೆಲೇ ದೂರ ಹೋದವು. ಎಡದಿಂದ ಚಿಮಣಿ, ಬೆಳಕು ಬಂದೈತಿ ಹೋಗು ಎನ್ನುತ್ತಿದ್ದಳು. ಬಲದಿಂದ ನೆಳ್ಳು, ಇಲ್ಲೇ ಅದೀನಿ ಎನ್ನುತ್ತಿದ್ದಳು. ಒಬ್ಬಳು ನಿಲ್ಲಿಸಿದ ಮೇಲೆ ಇನ್ನೊಬ್ಬಳು ಹಾಡುವುದಲ್ಲ, ಇಬ್ಬರೂ ಒಟ್ಟಿಗೇ, ಒಬ್ಬಳ ಮಾತು ಇನ್ನೊಬ್ಬಳಿಗೆ ಕೇಳಿಸದವರ ಹಾಗೆ. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ತಿಳಿಯುವಷ್ಟು ಮಾತ್ರ ನಾನು ಕೇಳಿದೆ. ಏಕೆಂದರೆ ಪಕ್ಕದಲ್ಲಿ ರಾಣಿ ಏನೋ ಹೇಳಿದ್ದಳು, ತಬಸ್ಸುಮ್‌ಳ ಭುಜ ಕುಣಿಯುತ್ತಿತ್ತು. ಅವಳ ಮೂಗು ಮೊದಲು ಅರಳಿತು, ಆಮೇಲೆ ಬಾಯಿ ತೆರೆಯಿತು. ಸದ್ದಿಲ್ಲದ ಆ ನಗುವನ್ನು ನೋಡುತ್ತ, ಎರಡು ವರ್ಷ ಕಾದಿದ್ದ ಹಾಡನ್ನು ಪೂರ್ತಿ ಕಿವಿಯಲ್ಲಿಟ್ಟುಕೊಂಡು, ಅದು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದೆ.

ಮುಗಿದೊಡನೆ ಎರಡನ್ನೂ ಕಿತ್ತು ಅವಳಿಗೆ ಕೊಟ್ಟೆ. ತಬಸ್ಸುಮ್ ಹಾಕಿಕೊಂಡು ಕಣ್ಣು ಮುಚ್ಚಿದಳು. ಈಗ ಅವಳ ಆಚೆ ರಾಣಿ, ಈಚೆ ನಾನು. ರಾಣಿ ಕಿಟಕಿಯಾಚೆಯ ಕಬ್ಬಿನ ಹೊಲ ನೋಡುತ್ತಿದ್ದಳು. ಗ್ರೂಪಿನಲ್ಲಿ ಅಷ್ಟು ಮಾತಾಡುವವಳು ಈಗ ಮಾತೇ ಬಾರದವಳಂತೆ ಕೂತಿದ್ದಳು. ತಪ್ಪಾಯಿತು ಎಂದು ಹೇಳಬೇಕೆಂದು ಬಾಯಿ ತೆರೆದೆ. ಬರಲಿಲ್ಲ. ಅವಳೇ ಈ ಕಡೆ ತಿರುಗದೆ ಹೇಳಿದಳು.

“ಅವತ್ತ ಕ್ಲಾಸಿನ್ಯಾಗ ತಬ್ಬೂ ತನ್ನ ಇಯರ್‌ಫೋನಿನ್ಯಾಗ ಕೇಳಾಕತ್ತಿದ್ಲು, ಇನ್ನೊಂದು ತುದಿ ನನಗ ಕೊಡು ಅಂದೆ. ಕೊಡಲಿಲ್ಲ. ಅದು ನಾಗೀದು ಅಂದ್ಳು. ಬೆಂಚಿನ ಮ್ಯಾಲೆ ಜೋತಾಡಾಕತ್ತಿತ್ತು, ಯಾರಿಗೂ ಇಲ್ಲದ್ದು. ಅದಕ್ಕ ನಾ ಅದನ್ನ ಹಿಡಕೊಂಡು, ‘ನಾಗವ್ವಾ, ಕೇಳಾಕತ್ತೀಯೇನ್ವಾ’ ಅಂದೆ. ಆಗ ನಕ್ಕಾಳ ಅಕಿ, ನಾ ಮೆಸೇಜ್ ಕಳಸೂ ಮುಂದೂ ಅದನ್ನ ನೆನಸಿ ನಗಾಕತ್ತಿದ್ಲು.”

ನಾನು ತಬಸ್ಸುಮ್‌ಳ ಕಿವಿಯಲ್ಲಿದ್ದ ಹಸಿರು ದಾರವನ್ನು ನೋಡಿದೆ.

“ನೀ ಬರದಿದ್ದೆಲ್ಲಾ ದಿನಾ ನನಗ ಓದಿ ಹೇಳ್ತಾಳ,” ಎಂದಳು. “ನೆಳ್ಳು ಹಂಗಂತ, ನೆಳ್ಳು ಹಿಂಗಂತ. ನನಗ ಸಾಕಾಗೇತಿ ಖರೇನ.”

ಅವಳ ಮಾತಿಗೆ ನನಗೆ ಮರುಕ ಬರಬೇಕಿತ್ತು. ಬಂದದ್ದು ಸಂತೋಷ. ಬಿಸಿ ಚಹಾದ ಹಾಗೆ ಎದೆಯೊಳಗೆ ಇಳಿದ, ಯಾರಿಗೂ ಹೇಳಿಕೊಳ್ಳಲಾಗದ ಸಂತೋಷ. ಅದು ಮುಖದಲ್ಲಿ ಕಂಡೀತೆಂದು ತಲೆ ತಗ್ಗಿಸಿದೆ. ಕಂಡಿರಬೇಕು. ರಾಣಿ ನನ್ನನ್ನೇ ನೋಡಿ, “ನಗು ನಗು,” ಎಂದಳು. ಇಬ್ಬರಿಗೂ ನಗು ಬಂತು. ತಬಸ್ಸುಮ್‌ಳ ಮುಂದೆ ಬಾಗಿ, ಅವಳಿಗೆ ತಾಗದಂತೆ ಬಾಯಿ ಮುಚ್ಚಿಕೊಂಡು ನಕ್ಕೆವು.

ತಬಸ್ಸುಮ್ ಕಣ್ಣು ತೆರೆದಳು. ಹಾಡು ಇನ್ನೂ ಮುಗಿದಿರಲಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಅವಳು ಎರಡೂ ಬುಡ್ಡಿಗಳನ್ನು ಕಿತ್ತು ಕೈಯಲ್ಲಿ ಹಿಡಿದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದಳು.

“ಏನ್ ಮಾತಾಡಾಕತ್ತಿದ್ರಿ?”

“ಏನಿಲ್ಲ,” ಎಂದೆವು, ಇಬ್ಬರೂ ಒಟ್ಟಿಗೇ.

ಅವಳು ನಂಬಲಿಲ್ಲ. ವೈರನ್ನು ಬೆರಳಿಗೆ ಸುತ್ತುತ್ತ, ಹಸಿರು ದಾರವನ್ನು ಉಗುರಿನಿಂದ ಎಳೆಯುತ್ತ, ಕಿತ್ತೂರು ಬರುವವರೆಗೂ ಕೇಳುತ್ತಲೇ ಇದ್ದಳು.