ದಾರಿ ಮೇಲೆ ಬಿತ್ತಿದವನು

ಒಂದಾನೊಂದು ಕಾಲದಲ್ಲಿ ಒಬ್ಬ ಬಿತ್ತುವವನಿದ್ದನಂತೆ. ಅವನಂಥ ಪೆದ್ದ ಏಳೂರು ಹುಡುಕಿದರೂ ಸಿಗುತ್ತಿರಲಿಲ್ಲವಂತೆ. ಹದವಾದ ಹೊಲ ಕಾಯುತ್ತಾ ಬಿದ್ದಿದ್ದರೆ ಅವನು ಹೋಗಿ ದಾರಿಯ ಮೇಲೆ ಬೀಜ ಚೆಲ್ಲಿದನಂತೆ, ಬಂಡೆಯ ಮೇಲೆ ಚೆಲ್ಲಿದನಂತೆ, ಮುಳ್ಳುಪೊದೆಗೂ ಒಂದು ಹಿಡಿ ಎರಚಿದನಂತೆ. ಹಕ್ಕಿಗಳು ಹೊಟ್ಟೆತುಂಬ ತಿಂದು, ನಾಳೆಯೂ ಬಾರಪ್ಪ ಎಂದು ಹೇಳಿ ಹಾರಿಹೋದವಂತೆ.

ಯೇಸುಸ್ವಾಮಿ ಹೇಳಿದ ಬಿತ್ತುವವನ ಸಾಮ್ಯದ ಕಥೆಯನ್ನು ಹೀಗೆ ತಿರುಗಿಸಿಬಿಟ್ಟವರು ಕೊತ್ತಗೆರೆಯ ಮಕ್ಕಳು. ತಿರುಗಿಸಲು ಬಿಟ್ಟುಬಂದವಳು ಕೃಪಾವತಿ.

ಹೋದ ವರ್ಷ ಮೇ ತಿಂಗಳಲ್ಲಿ, ಅಂದರೆ ಎರಡು ಸಾವಿರದ ಒಂದರಲ್ಲಿ, ತುಮಕೂರಿನ ಅವಳ ಚರ್ಚಿನ ಸಭೆಯ ಯುವಕ ಯುವತಿಯರು ಐದು ದಿನದ ರಜಾ ಬೈಬಲ್ ಶಾಲೆ ನಡೆಸಲು ಕುಣಿಗಲ್ ದಾಟಿ ಕೊತ್ತಗೆರೆಗೆ ಹೋಗಿದ್ದರು. ಕರೆದಿದ್ದು ಅಲ್ಲಿನ ನಾಲ್ಕೇ ಕ್ರೈಸ್ತ ಮನೆಯವರು. ಹಾಡು, ಆಟ, ಬನ್ನು ಅಂತ ಬಂದಿದ್ದು ಮಾತ್ರ ಬೀದಿಯ ಮಕ್ಕಳೆಲ್ಲ. ಕಡೇ ದಿನ ಕೃಪಾವತಿ ಫ್ಲಾನೆಲ್ ಬಟ್ಟೆಯ ಹಲಗೆಗೆ ಬಿತ್ತುವವನ ಚಿತ್ರ ಅಂಟಿಸಿದ್ದಳು. ಅವನ ಕೈಯಿಂದ ಬೀಜ ದಾರಿಗೆ ಬೀಳುತ್ತಿದ್ದಂತೆ ಒಂಬತ್ತು ವರ್ಷದ ಯಶಸ್ವಿನಿ ಎದ್ದು ನಿಂತಳು.

"ಅಕ್ಕೋ, ಅವ್ನ್ಯಾಕೆ ದಾರಿ ಮೇಲೆ ಬಿತ್ತವ್ನೆ? ನಮ್ಮಪ್ಪ ನೋಡಿದ್ರೆ ಬಾರುಕೋಲಲ್ಲಿ ಬಾರಿಸ್ತಿದ್ದ!"

ಕೃಪಾವತಿ ತುಮಕೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಬೆಳೆದವಳು. ಬಿತ್ತನೆ ಕಂಡವಳಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಆ ಕಾಲದ ಜನಕ್ಕೆ ಬೇಸಾಯ ಅಷ್ಟಾಗಿ ಗೊತ್ತಿರ್ಲಿಲ್ಲ ಕಣೇ."

"ಹಂಗಾದ್ರೆ ಪೆದ್ದ!"

ಇಡೀ ಜಗುಲಿ ನಕ್ಕಿತು. ಒಳ್ಳೆಯ ನೆಲಕ್ಕೆ ಬಿದ್ದ ಬೀಜದ ಕಥೆ ಹೇಳುವ ಮೊದಲೇ ವ್ಯಾನಿನ ಹಾರನ್ ಕೂಗಿತು. ಯಶಸ್ವಿನಿ ವ್ಯಾನಿನ ಕಿಟಕಿಯವರೆಗೂ ಓಡಿಬಂದಳು.

"ಯಾಕೆ ಬಿತ್ತಿದ ಅಂತ ಹೇಳ್ಲೇ ಇಲ್ಲ?"

"ಮುಂದಿನ್ವರ್ಷ ಬಂದು ಹೇಳ್ತೀನಿ."

"ದೇವ್ರಾಣೆ?"

"ನಾವು ಆಣೆ ಇಡಲ್ಲ ಪುಟ್ಟಿ. ಮಾತು ಕೊಡ್ತೀವಿ."

ಕೊಟ್ಟ ಆ ಮಾತು ವರ್ಷವಿಡೀ ಅನ್ನದೊಳಗಿನ ಕಲ್ಲಿನಂತೆ ಹಲ್ಲಿಗೆ ಸಿಗುತ್ತಲೇ ಇತ್ತು. ಅರ್ಧಕ್ಕೆ ಬಿಟ್ಟ ಕಥೆ ಹೇಳಿದವರ ಹಿಂದೆಯೇ ನಡೆದುಬರುತ್ತದೆ ಎಂದು ಅವಳ ಅಜ್ಜಿ ಹೇಳುತ್ತಿದ್ದುದು ಸುಳ್ಳಲ್ಲ.

ಈ ವರ್ಷ ಹೊಸ ನಿಯಮ ಬಂದಿತ್ತು. ಹೊರಡುವ ಮೊದಲು ಗುಬ್ಬಿಯಲ್ಲಿ ಮೂರು ದಿನದ ತರಬೇತಿ. ಕೊನೆಯ ದಿನ ಒಬ್ಬೊಬ್ಬರೂ ಪಾಠ ಮಾಡಿ ತೋರಿಸಬೇಕು, ಉಳಿದವರು ಮಕ್ಕಳಾಗಿ ಕೂರಬೇಕು. ಸೋತವರು ಊರಿಗೆ ಬರಬಹುದು, ಆದರೆ ಅಡುಗೆ ಒಲೆಯ ಮುಂದೆ. ನಡೆಸುವವರು ಶಶಿಕಲಾ ಟೀಚರ್. ಇಪ್ಪತ್ತು ವರ್ಷ ಸಂಡೇ ಸ್ಕೂಲ್ ನಡೆಸಿದ ಅವರ ಕೈಗಡಿಯಾರಕ್ಕೆ ಕರುಣೆ ಎಂಬುದಿರಲಿಲ್ಲ.

"ಹನ್ನೆರಡು ನಿಮಿಷ. ಹದಿಮೂರನೇದಕ್ಕೆ ಮಕ್ಕಳು ನಿಮ್ಮ ಕೈಯಲ್ಲಿರಲ್ಲ."

ಮೊದಲ ದಿನದ ಅಭ್ಯಾಸದಲ್ಲಿ ಕೃಪಾವತಿ ಇಪ್ಪತ್ತೈದು ನಿಮಿಷ ತೆಗೆದುಕೊಂಡಳು. ಅವಳು ಹೇಳಹೊರಟರೆ ಹಾಗೆಯೇ. ಬಿತ್ತುವವನಿಗೆ ಒಬ್ಬಳು ಹೆಂಡತಿ ಬಂದಳು, ಹೆಂಡತಿಗೆ ಮಾತಾಡುವ ಗಿಣಿ ಬಂತು, ಗಿಣಿಯನ್ನು ಹುಡುಕಿಕೊಂಡು ರಾಜನೇ ಬಂದ. ಮಗುವಾಗಿ ಕೂತಿದ್ದ ಅಂಜನ್‌ಕುಮಾರ್ ಜೋರಾಗಿ ಗೊರಕೆ ಹೊಡೆದ.

"ಕಥೆ ಹೇಳು ಅಂದ್ರೆ ಊರೇ ಕಟ್ತಾ ಕೂತಿದೀಯಲ್ಲೇ!" ಎಂದರು ಟೀಚರ್.

"ಅವನ್ಯಾಕೆ ದಾರಿ ಮೇಲೆ ಬಿತ್ತಿದ ಅನ್ನೋದು ಗೊತ್ತಿಲ್ಲ ಟೀಚರ್. ಅದಕ್ಕೇ ಸುತ್ತುಬಳಸಿ ಹೋಗ್ತೀನಿ."

"ಪುಸ್ತಕದಲ್ಲಿ ಆ ಪ್ರಶ್ನೆ ಇಲ್ಲ. ಇರೋದ್ನ ಹೇಳು."

"ಪುಸ್ತಕ ಕೇಳಿಲ್ಲ ಟೀಚರ್, ಮಗು ಕೇಳಿರೋದು. ನಾನು ಮಾತು ಕೊಟ್ಟಿದೀನಿ."

ಟೀಚರ್ ಕನ್ನಡಕದ ಮೇಲಿಂದ ನೋಡಿದರು. "ಹಂಗಾದ್ರೆ ನಾಡಿದ್ದರೊಳಗೆ ತಿಳ್ಕೊ. ಹನ್ನೆರಡೇ ನಿಮಿಷ."

ಆ ಸಂಜೆ ಭರಣಿ ಮಳೆ ಬಿತ್ತು. ಮರುದಿನ ಬೆಳಗ್ಗೆ ತರಬೇತಿ ನಡೆಯುತ್ತಿದ್ದ ಕಾಂಪೌಂಡಿನ ಹಿಂದಿನ ಹೊಲದಲ್ಲಿ ಗಂಗರಾಜು ಎಂಬಾತ ಎತ್ತು ಹೂಡಿದ್ದ. ಅವನ ತಾಯಿ ಕದರಮ್ಮ ಮಡಿಲಲ್ಲಿ ಅಲಸಂದೆ ಕಾಳು ಕಟ್ಟಿಕೊಂಡು ನೇಗಿಲ ಸಾಲಿಗೆ ಕಾಳು ಬಿಡುತ್ತಾ ನಡೆಯುತ್ತಿದ್ದಳು. ಕೃಪಾವತಿ ಚಪ್ಪಲಿ ಬಿಟ್ಟು ಬದು ದಾಟಿದಳು.

"ಅಜ್ಜಿ, ನಾನೂ ಒಂದು ಸಾಲು ಬಿಡ್ಲಾ?"

"ಬಾರವ್ವ. ಇಸ್ಕೂಲ್ ಓದಿರೋ ಕೈಗೆ ಬತ್ತದಾ ನೋಡವಾ."

ಬರಲಿಲ್ಲ. ಮುಷ್ಟಿಯಿಂದ ಒಂದೆಡೆ ಗುಂಪಾಗಿ ಸುರಿಯಿತು, ಇನ್ನೊಂದೆಡೆ ಏನೂ ಬೀಳಲಿಲ್ಲ. ಸಾಲಿನ ತುದಿಗೆ ಬಂದಾಗ ಬದುವಿನಾಚೆ ಕಾಲುದಾರಿ ಕಂಡಿತು. ಒಂದೇ ಒಂದು ಕಾಳೂ ಅಲ್ಲಿಗೆ ಬೀಳಬಾರದೆಂದು ಅವಳು ನಾಲ್ಕು ಹೆಜ್ಜೆ ಮುಂಚೆಯೇ ಮುಷ್ಟಿ ಬಿಗಿಹಿಡಿದಳು.

"ಅಯ್ಯೋ, ಯಾಕವ್ವ ಮುಚ್ಚಿದೆ? ತುದಿಯೆಲ್ಲ ಬರಿದಾಯ್ತಲ್ಲ!"

"ದಾರಿಗೆ ಬೀಳುತ್ತಲ್ಲ ಅಜ್ಜಿ."

"ಬಿದ್ರೆ ಬೀಳ್ಲಿ ಬುಡು. ಎತ್ತು ತಿರುಗೋವಾಗ ಕೈ ನಿಲ್ಲಿಸ್ಬಾರ್ದು. ದಾರಿಗೆ ನಾಕು ಕಾಳು ಹೋಯ್ತವೆ, ಹಕ್ಕಿ ತಿಂತವೆ. ಜಿಪುಣತನ ಮಾಡಿದ್ರೆ ಹೊಲದಂಚು ಪೂರ್ತಿ ಬಂಜರು."

ಕೃಪಾವತಿ ಬಿಗಿಹಿಡಿದಿದ್ದ ಮುಷ್ಟಿಯನ್ನು ಬಿಚ್ಚಿದಳು. "ಇನ್ನೊಂದು ಸಾಲು ಕೊಡಿ ಅಜ್ಜಿ."

ಒಂದಲ್ಲ, ಒಂಬತ್ತು ಸಾಲು ನಡೆದಳು. ಸೊಂಟ ಹಿಡಿಯಿತು, ಹಿಮ್ಮಡಿಗೆ ಮುಳ್ಳು ಚುಚ್ಚಿತು. ಏಳನೆಯ ಸಾಲಿಗೆ ಬೆರಳ ಸಂದಿಯಿಂದ ಕಾಳು ಒಂದೊಂದಾಗಿ ಇಳಿಯತೊಡಗಿತು. ಗಂಗರಾಜು ತಿರುಗಿ ನೋಡಿ, "ಅವ್ವ, ನಿನ್ ಕೆಲ್ಸಕ್ಕೆ ಕುತ್ತು ಬಂತು ಕಣವ್ವ," ಎಂದು ನಕ್ಕ.

ಮೂರನೆಯ ದಿನ ಅವಳು ಫ್ಲಾನೆಲ್ ಹಲಗೆ ಮುಟ್ಟಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಸಾಲು ಎಳೆದಳು, ಮುಷ್ಟಿಯಲ್ಲಿ ಕಾಳು ಹಿಡಿದು ನಡೆದಳು. ಗಿಣಿ ಬರಲಿಲ್ಲ, ರಾಜನೂ ಬರಲಿಲ್ಲ. ಗಿಣಿ ಒಂದು ಸಲ ಇಣುಕಿದ್ದು ನಿಜ, ಅವಳೇ ಕಣ್ಣು ಬಿಟ್ಟು ಅದನ್ನು ಓಡಿಸಿದಳು.

"ಹನ್ನೊಂದೂವರೆ," ಎಂದರು ಶಶಿಕಲಾ ಟೀಚರ್. ಬಗ್ಗಿ ಸೀಮೆಸುಣ್ಣದ ಸಾಲಿನ ತುದಿ ನೋಡಿ, "ಇಪ್ಪತ್ತು ವರ್ಷದಿಂದ ಈ ಪಾಠ ಮಾಡ್ತಿದೀನಿ. ಸಾಲಿನ ತುದಿ ನನಗೂ ಗೊತ್ತಿರ್ಲಿಲ್ಲ. ಕೊತ್ತಗೆರೆ ಮಕ್ಕಳು ನಿನಗೇ," ಎಂದರು.

ಮುಂದಿನ ವಾರ ಕೊತ್ತಗೆರೆಯ ಜಗುಲಿಯ ಮುಂದೆ ಕೃಪಾವತಿ ಮಕ್ಕಳನ್ನೆಲ್ಲ ಅಂಗಳಕ್ಕೆ ಇಳಿಸಿದಳು. ಕಡ್ಡಿಯಿಂದ ಸಾಲು ಗೀರಿ, ತುದಿಯಲ್ಲಿ ದಾರಿ ಗೀರಿದಳು. ಯಶಸ್ವಿನಿ ಒಂದು ವರ್ಷಕ್ಕೆ ಒಂದು ಗೇಣು ಉದ್ದವಾಗಿದ್ದಳು. ನಾಲಿಗೆ ಮಾತ್ರ ಅಷ್ಟೇ ಚೂಪು.

"ಪೆದ್ದನ ಕಥೇನಾ ಅಕ್ಕ?"

"ನೀನೇ ಬಿತ್ತಿ ನೋಡು. ಅಲ್ಲಿ ಎತ್ತು ತಿರುಗುತ್ತೆ. ಕೈ ನಿಲ್ಲಿಸ್ಬಾರ್ದು. ದಾರಿಗೂ ಒಂದು ಕಾಳು ಬೀಳ್ಬಾರ್ದು."

ಯಶಸ್ವಿನಿ ಮುಷ್ಟಿಯಲ್ಲಿ ಕಾಳು ಹಿಡಿದು ಗತ್ತಿನಿಂದ ನಡೆದಳು. ತುದಿಯಲ್ಲಿ ಕಾಳು ದಾರಿಗೆ ಬಿತ್ತು. ಮತ್ತೆ ನಡೆದಳು, ಮತ್ತೆ ಬಿತ್ತು. ಮೂರನೆಯ ಸಲ ಮುಷ್ಟಿ ಮುಚ್ಚಿಕೊಂಡಳು, "ತುದಿ ಬರೀದು, ತುದಿ ಬರೀದು!" ಎಂದು ಮಕ್ಕಳೇ ಕೂಗಿದರು. ಅವಳು ತನ್ನ ಕೈಯನ್ನೊಮ್ಮೆ, ನೆಲವನ್ನೊಮ್ಮೆ ನೋಡಿದಳು.

"ಓ... ಅಂಚಿನವರ್ಗೂ ಬಿತ್ಬೇಕು ಅಂದ್ರೆ ಆಚೆಗೂ ಬಿದ್ದೇ ಬೀಳ್ತದೆ."

"ಹೂಂ ಕಣೇ. ದೇವರೂ ಹಂಗೇ ಬಿತ್ತೋದು. ಅಂಚಲ್ಲಿರೋ ಒಂದು ಗೇಣು ನೆಲಾನೂ ಬಿಡಲ್ಲ."

ಯಶಸ್ವಿನಿ ಅಲ್ಲೇ ಮಣ್ಣಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. "ಸರಿ. ಹೊಲದೊಳಕ್ಕೆ ಬಿದ್ದಿದ್ದು ಏನಾಯ್ತು? ಅದನ್ನ ಹೇಳಕ್ಕ."

ಕೃಪಾವತಿ ಮಕ್ಕಳ ಕಣ್ಣಿನ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತಳು. ಹೋದ ವರ್ಷ ಬಾಯಲ್ಲೇ ಉಳಿದಿದ್ದ ಒಳ್ಳೆಯ ನೆಲದ ಕಥೆಯನ್ನು, ಮೊಳಕೆ ಒಡೆದಲ್ಲಿಂದ ನೂರರಷ್ಟು ಫಲ ಕೊಟ್ಟವರೆಗೂ, ಒಂದು ಮಾತು ಹೆಚ್ಚಿಲ್ಲದೆ ಒಂದು ಮಾತು ಕಮ್ಮಿಯಿಲ್ಲದೆ ಹೇಳಿ ಮುಗಿಸಿದಳು.