ಬಾಡಿಗೆಯ ದನಿ

ಊರಿನಲ್ಲಿ ಅವನ ಮುಖ ನೋಡಿದವರು ಕಡಿಮೆ, ದನಿ ಕೇಳದವರು ಇಲ್ಲವೇ ಇಲ್ಲ. ಹೊಸ ಅಂಗಡಿ ತೆರೆದರೆ, ನಲ್ಲಿ ನೀರು ನಿಂತರೆ, ಯಾರದೋ ಮಗು ತಪ್ಪಿಸಿಕೊಂಡರೆ, ಗಾಡಿಯ ಮೇಲೆ ಮೈಕು ಕಟ್ಟಿಕೊಂಡು ಓಣಿ ಓಣಿ ಸುತ್ತುವವನು ಅವನೇ. ಜನ ಅವನ ಹೆಸರು ಮರೆತು ಮೈಕಣ್ಣ ಎಂದೇ ಕರೆಯುತ್ತಿದ್ದರು. "ಗಮನಿಸಿ, ನಾಗರಿಕರೇ, ಗಮನಿಸಿ" ಎಂದು ಅವನು ರಾಗ ಎಳೆದರೆ ಒಲೆ ಮುಂದಿದ್ದವರ ಕಿವಿಯೂ ನೆಟ್ಟಗಾಗುತ್ತಿತ್ತು. ಅವನಿಗೆ ಅದರ ಜಂಬ ಬೇರೆ. ಇರಲಿ ಬಿಡಿ, ಜಂಬದಿಂದ ಯಾರ ಮನೆಯೂ ಹಾಳಾಗಿರಲಿಲ್ಲ.

ಆಮೇಲೆ ಚುನಾವಣೆ ಬಂತು. ಪಕ್ಷದವರು ಬರೆದುಕೊಟ್ಟಿದ್ದನ್ನು ಅವನು ಊರೆಲ್ಲ ಕೂಗಿದ: "ಹೊರಗಿನವರು ನಮ್ಮ ಊರಿಗೆ ನುಗ್ಗುತ್ತಿದ್ದಾರೆ. ನಿಮ್ಮ ಕೆಲಸ ಅವರ ಪಾಲಾಗುತ್ತಿದೆ. ನಿಮ್ಮ ಮಕ್ಕಳಿಗೆ ರಕ್ಷಣೆಯಿಲ್ಲ. ಕಾಗದಪತ್ರ ಇಲ್ಲದವರು ಕಂಡರೆ ತಕ್ಷಣ ತಿಳಿಸಿ." ಸೋಪಿನ ಜಾಹೀರಾತಿಗೆ ಹಾಕುವ ಉತ್ಸಾಹವನ್ನೇ ಇದಕ್ಕೂ ಹಾಕಿದ. ಹೆಂಡತಿ ಮುಖ ಸಿಂಡರಿಸಿದಾಗ, "ಓದೋದು ನನ್ನ ಕೆಲಸ, ನಂಬೋದು ಬಿಡೋದು ಕೇಳೋರ ಕೆಲಸ" ಎಂದು ಅವಳ ಬಾಯಿ ಮುಚ್ಚಿಸಿದ.

ಲಕ್ವ ಹೊಡೆದು ಮಲಗಿದ್ದ ಅವನ ತಾಯಿಯನ್ನು ನೋಡಿಕೊಳ್ಳುತ್ತಿದ್ದವಳೂ ಹೊರಗಿನವಳೇ. ದಿನಾ ಬೆಳಗ್ಗೆ ಪುಟ್ಟ ಮಗಳನ್ನು ಎತ್ತಿಕೊಂಡು ಬರುತ್ತಿದ್ದಳು. ಆ ಮಗುವಿಗೆ ಮನೆಯವರೆಲ್ಲ ಗುಬ್ಬಿ ಎಂದು ಹೆಸರಿಟ್ಟಿದ್ದರು. ಮೈಕಣ್ಣನ ಹೆಗಲೇರಿದರೆ ಅದು ಇಳಿಯುವ ಮಾತೇ ಆಡುತ್ತಿರಲಿಲ್ಲ. ಮೈಕಿನಲ್ಲಿ ಕೂಗುವಾಗ ಇವರಿಬ್ಬರೂ ಅವನ ನೆನಪಿಗೇ ಬಂದಿರಲಿಲ್ಲ. ಅವರು ಮನೆಯವರು ತಾನೇ!

ಒಂದು ಬೆಳಗ್ಗೆ ಅವರು ಬರಲಿಲ್ಲ. ಮರುದಿನವೂ ಇಲ್ಲ. ತಾಯಿ ಮಲಗಿದಲ್ಲಿಂದಲೇ ಬಾಗಿಲ ಕಡೆ ನೋಡುತ್ತಿದ್ದಳು. ಮಧ್ಯಾಹ್ನ ಬಂದವಳು ಅವನ ಸೋದರತ್ತೆಯ ಮಗಳು, ಆರೋಗ್ಯ ಕೇಂದ್ರದ ದಾದಿ.

"ಕಾರ್ಖಾನೆ ಹಿಂದೆ ಹೊರಗಿನವರಿರೋ ಓಣೀಲಿ ದಡಾರ ಹಬ್ಬಿದೆ" ಎಂದಳು. "ಗುಬ್ಬಿಗೆ ಉಸಿರು ಸಿಗ್ತಾ ಇಲ್ವಂತೆ. ಆದ್ರೂ ಒಬ್ಬರೂ ಕೇಂದ್ರಕ್ಕೆ ಬರ್ತಿಲ್ಲ. ಬಂದ್ರೆ ಪೊಲೀಸರಿಗೆ ಹಿಡಿದು ಕೊಡ್ತೀವಿ ಅಂತ ಭಯ."

"ಕೊಡ್ತೀರಾ?"

"ಕಾಗದ ಕೇಳಲ್ಲ, ಹೆಸರು ಯಾರಿಗೂ ಹೇಳಲ್ಲ ಅಂತ ನಿಯಮಾನೇ ಮಾಡಿಸಿದೀನಿ, ಮೇಲಿನವರ ಹತ್ರ ಜಗಳ ಆಡಿ. ಹೆದರಿಸಿದ್ರೆ ಜನ ಕಾಯಿಲೆ ಬಚ್ಚಿಡ್ತಾರೆ, ಅದು ನಮ್ಮ ಮಕ್ಕಳಿಗೂ ಬರುತ್ತೆ ಅಂದೆ, ಒಪ್ಕೊಂಡ್ರು. ಇರೋಕೆ, ದುಡಿಯೋಕೆ ಪರವಾನಗಿ ಕೊಟ್ಟುಬಿಡಿ, ಬಚ್ಚಿಟ್ಕೊಳ್ಳೋ ಗೋಳೇ ಇರಲ್ಲ ಅಂದೆ, ನೋಡೋಣ ಅಂದ್ರು. ಈಗ ಆ ಓಣಿಗೆ ವಿಷಯ ತಿಳಿಸ್ಬೇಕು. ಮನೆ ಮನೆ ಬಾಗಿಲು ತಟ್ಟೋಣ, ಬಾ."

"ಅಷ್ಟೊತ್ತು ಎಲ್ಲಿದೆ? ನನ್ನ ದನಿ ಅಂದ್ರೆ ಜನ ನಂಬ್ತಾರೆ" ಎಂದು ಅವನು ಗಾಡಿ ಹತ್ತಿದ. ದಾದಿಯೂ ಪಕ್ಕದಲ್ಲಿ ಹತ್ತಿ ಕುಳಿತಳು. ಊರಿಗೆ ಸುದ್ದಿ ಮುಟ್ಟಿಸುವುದು ಹೇಗೆಂದು ಯಾರೂ ಅವನಿಗೆ ಹೇಳಿಕೊಡಬೇಕಿರಲಿಲ್ಲ.

ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿ, ರೂಢಿಯಂತೆ ರಾಗ ಎಳೆದ. "ಗಮನಿಸಿ, ನಾಗರಿಕರೇ, ಗಮನಿಸಿ."

ಬಾಗಿಲುಗಳು ದಡದಡ ಮುಚ್ಚಿಕೊಂಡವು. ಯಾರೋ ಹಗ್ಗದ ಮೇಲಿನ ಒದ್ದೆ ಬಟ್ಟೆಯನ್ನು ಬಾಚಿಕೊಂಡು ಒಳಗೋಡಿದರು. ಕಾಗದ ಕೇಳುವುದಿಲ್ಲ ಎಂಬ ಮಾತಿಗೆ ಅವನು ಬರುವಷ್ಟರಲ್ಲಿ ಓಣಿ ಬರಿದಾಗಿತ್ತು. ಹಿಂದಿನ ಮುರುಕು ಗೋಡೆ ದಾಟಿ ಜನ ಗಂಟುಮೂಟೆ ಸಮೇತ ಕಾಲ್ಕೀಳುತ್ತಿದ್ದರು. ಅವರ ನಡುವೆ ಗುಬ್ಬಿಯ ತಾಯಿ. ಅವಳ ಹೆಗಲ ಮೇಲೆ ಮಗುವಿನ ತಲೆ ಅತ್ತಿಂದಿತ್ತ ಓಲಾಡುತ್ತಿತ್ತು.

"ನಿಲ್ಲು, ನಿಲ್ಲು" ಎಂದು ಅವನು ಮೈಕಿನಲ್ಲೇ ಕೂಗಿದ. ಅವಳು ಇನ್ನೂ ಜೋರಾಗಿ ಓಡಿದಳು.

ದಾದಿ ಮೈಕಿನ ತಂತಿ ಕಿತ್ತಳು. "ಸಾಕು ಮಾಡು. ನೀನು ಕೂಗಿದಷ್ಟೂ ಆ ಮಗು ದೂರ ಹೋಗುತ್ತೆ" ಎಂದು ಹೇಳಿ ಗೋಡೆಯ ಕಡೆ ಓಡಿದಳು.

ಅವನು ಗಾಡಿಯಲ್ಲೇ ಕುಳಿತ. ಮಗು ಸತ್ತರೆ ಕೊಂದದ್ದು ದಡಾರವಲ್ಲ, ನಾನೇ ಎಂದು ಅವನಿಗೆ ಖಚಿತವಾಗಿ ಅನ್ನಿಸಿತು. ಜೀವನದಲ್ಲಿ ಮೊದಲ ಸಲ ಅವನಿಗೆ ತನ್ನ ಬಾಯಿಯ ಮೇಲೇ ಹೇಸಿಗೆ ಹುಟ್ಟಿತು.

ಎಷ್ಟೋ ಹೊತ್ತಿನ ಮೇಲೆ ದಾದಿ ತಾಯಿಮಗಳನ್ನು ಕರೆತಂದಳು. ಅದು ಯಾರ ಗಾಡಿ ಎಂದು ಕಂಡು ತಾಯಿ ಹಿಂದೆ ಸರಿದಳು. ದಾದಿ ಅವಳ ಕೈ ಬಿಡಲಿಲ್ಲ. ಮೈಕಣ್ಣ ಅವರನ್ನು ಕೂರಿಸಿಕೊಂಡು ನೇರವಾಗಿ ಕೇಂದ್ರಕ್ಕೆ ಗಾಡಿ ಬಿಟ್ಟ.

ಕೇಂದ್ರದಲ್ಲಿ ಮಗುವಿನ ಮೂಗಿಗೆ ಗಾಳಿಯ ಕೊಳವೆ ಇಟ್ಟರು. ಸೂಜಿ ಚುಚ್ಚಿದಾಗ ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ಅವನು ಪರದೆಯಾಚೆ ಗೋಡೆಗೊರಗಿ ನಿಂತು, ಒಳಗಿನ ಒಂದೊಂದು ಉಸಿರಿಗೂ ಕಿವಿಗೊಟ್ಟ. ಸಂಜೆಗೆ ದಾದಿ ಹೊರಗೆ ಬಂದಳು.

"ಗಂಡಾಂತರ ಕಳೀತು. ಹೋಗಿ ನೋಡು."

ಅವನು ಒಳಗೆ ಹೋದ. ತಾಯಿ ತಲೆ ತಗ್ಗಿಸಿಕೊಂಡೇ ಇದ್ದಳು. ಮಗು ಕಣ್ಣು ಮುಚ್ಚಿ ಮಲಗಿತ್ತು, ಉಸಿರು ಈಗ ಸಲೀಸಾಗಿತ್ತು. ಅವನಿಗೆ ಅಳು ಒತ್ತರಿಸಿ ಬಂತು. ಬಗ್ಗಿ, ತನ್ನಿಂದಾದಷ್ಟು ಮೆಲ್ಲಗೆ, "ಗುಬ್ಬಿ" ಎಂದ.

ಮಗು ಕಣ್ಣು ತೆರೆಯಲಿಲ್ಲ. ಕೈ ಚಾಚಿ ತಡಕಾಡಿ ತಾಯಿಯ ಬೆರಳು ಹಿಡಿದೆಳೆಯಿತು.

"ಅಮ್ಮಾ, ಓಡು."